ಉಂಗುರ ಪ್ರಕರಣ

ಅಮೆರಿಕದಲ್ಲಿ ದೂರದ ಗುರಿಗೆ ಗುಂಡು ಹೊಡೆಯುವ ಹವ್ಯಾಸಿಗಳ ಖರ್ಚಿನ ಪಟ್ಟಿಯನ್ನು ಪರಿಶೀಲಿಸಿದರೆ, ರೈಫಲ್ಲಿಗೆ ಹಿಂದುಮುಂದು ನೋಡದೆ ಹಣ ಕೊಟ್ಟು, ಅದರ ಬೆನ್ನೇರುವ ಸ್ಕೋಪು ಎಂಬ ದುರ್ಬೀನಿಗೆ ಕೆಲವೊಮ್ಮೆ ರೈಫಲ್ಲಿಗಿಂತಲೂ ಹೆಚ್ಚು ಸುರಿದು, ಎರಡನ್ನೂ ಕೂಡಿಸಿ ಹಿಡಿಯಬೇಕಾದ ಜೋಡಿ ಉಂಗುರಗಳ ಸರದಿ ಬಂದಾಗ ಮಾತ್ರ ಥಟ್ಟನೆ ಮಿತವ್ಯಯಿಗಳಾಗುವ ವಿಚಿತ್ರ ಸ್ವಭಾವವೊಂದು ಕಂಡುಬರುತ್ತದೆ. ಛತ್ರ, ಊಟ, ವಾಲಗಗಳಿಗೆ ಧಾರಾಳವಾಗಿ ಖರ್ಚು ಮಾಡಿದ ಯಜಮಾನನು ಪುರೋಹಿತರ ದಕ್ಷಿಣೆಗೆ ಚೌಕಾಸಿಗಿಳಿಯುವ ರೀತಿಗೂ ಇದಕ್ಕೂ ಹೆಚ್ಚು ಅಂತರವಿಲ್ಲ; ಗಂಟು ಹಾಕಿಸುವವರು ಯಾರೆಂಬುದು ಆ ಗಳಿಗೆಯಲ್ಲಿ ಯಾರಿಗೂ ನೆನಪಿರುವುದಿಲ್ಲ.

ದೂರವೆಂದರೆ ಇಲ್ಲಿ ಸಾವಿರ ಗಜ, ಅಂದರೆ 914 ಮೀಟರು. ರಾಷ್ಟ್ರೀಯ ಪಂದ್ಯಗಳು 1907ರಲ್ಲಿ ಬಂದು ನೆಲೆಸಿದ, ಓಹಿಯೋ ರಾಜ್ಯದ ಈರಿ ಸರೋವರದ ದಡದಲ್ಲಿರುವ ಕ್ಯಾಂಪ್ ಪೆರಿಯಲ್ಲಿ ಈ ದೂರಕ್ಕೆ ನಿಲ್ಲಿಸುವ ಗುರಿಹಲಗೆಯ ಹತ್ತು ಅಂಕದ ವೃತ್ತ 20 ಇಂಚು ಅಗಲವಿರುತ್ತದೆ. ಹತ್ತಿರದಿಂದ ದೊಡ್ಡ ಹರಿವಾಣದಂತಿರುವ ಅದು ಗುಂಡು ಹೊಡೆಯುವ ಜಾಗದಿಂದ ನೋಟಕ್ಕಿಂತ ಹೆಚ್ಚಾಗಿ ನಂಬಿಕೆಯ ವಿಷಯವಾಗುತ್ತದೆ. (ಕೈಲ್‌ಪೊಳ್ದಿನಂದು ಮರದ ತುದಿಯ ತೆಂಗಿನಕಾಯಿಗೆ ಕೋವಿ ಹಿಡಿಯುವ ಕೊಡಗಿನವರಿಗೆ ಈ ಶಾಸ್ತ್ರದ ಅಗತ್ಯವಿಲ್ಲ, ಅವರಿಗೆ ಕಾಯಿ ಕಾಣುತ್ತದೆ.) ನೂರು ಗಜಕ್ಕೆ ಹೊಂದಿಸಿದ ರೈಫಲ್ಲಿನಿಂದ ಹೊರಟ .308 ವಿಂಚೆಸ್ಟರ್ ಎಂಬ ಸಾಮಾನ್ಯ ತೋಟಾದ ಗುಂಡು, ಅಲ್ಲಿಗೆ ತಲಪಲು ಒಂದೂವರೆ ಸೆಕೆಂಡಿಗೂ ಹೆಚ್ಚು ಕಾಲ ತೆಗೆದುಕೊಂಡು, ಅಷ್ಟರಲ್ಲಿ ಸುಮಾರು ಹತ್ತು ಮೀಟರು, ಎಂದರೆ ಮೂರು ಮಹಡಿಯಷ್ಟು, ಕೆಳಗಿಳಿದಿರುತ್ತದೆ. ನೀರಿನಲ್ಲಿ ನೋಡುತ್ತ ಮೇಲಿನ ಮೀನಿಗೆ ಬಾಣ ಬಿಟ್ಟ ಅರ್ಜುನನಿಗೆ, ಕಣ್ಣಿನ ದಿಕ್ಕೇ ಬೇರೆ, ಹೊಡೆತದ ದಿಕ್ಕೇ ಬೇರೆ ಎಂಬ ಈ ತತ್ತ್ವ ಹೊಸದೆನಿಸುತ್ತಿರಲಿಲ್ಲ.

ಈ ಇಳಿತವನ್ನು ಸರಿದೂಗಿಸಲೆಂದು ಸ್ಕೋಪಿನ ನೆತ್ತಿಯ ಮೇಲೆ ಟರೆಟ್ ಎಂಬ ತಿರುಗುಗುಂಡಿಯಿದ್ದು, ಅದು ಕ್ಲಿಕ್ಕೆಂದು ಸದ್ದು ಮಾಡಿದಾಗಲೆಲ್ಲ ಗುರಿ ಸಾಮಾನ್ಯವಾಗಿ ಮಿಲ್ ಎಂಬ ಕೋನಮಾನದ ಹತ್ತನೆಯ ಒಂದು ಪಾಲು, ಎಂದರೆ ನೂರು ಮೀಟರಿನಲ್ಲಿ ಒಂದು ಸೆಂಟಿಮೀಟರು, ಸರಿಯುತ್ತದೆ. ಕೊಳ್ಳುವವರ ಚಿತ್ತ ಮಾತ್ರ ಈ ಕ್ಲಿಕ್ಕಿನ ಪ್ರಾಮಾಣಿಕತೆಯ ಕಡೆಗೆ ಹೋಗದೆ, ಎಷ್ಟು ಪಟ್ಟು ದೊಡ್ಡದಾಗಿ ಕಾಣಿಸುತ್ತದೆಂಬ ಒಂದೇ ಸಂಖ್ಯೆಯ ಮೇಲೆ ನೆಟ್ಟಿರುತ್ತದೆ. 25 ಪಟ್ಟು ಹಿಗ್ಗಿಸಿದಾಗ ಗುರಿಯೊಡನೆ ನೆಲದಿಂದೇಳುವ ಬಿಸಿಲ ಝಳವೂ ಎದೆಬಡಿತದ ನಡುಕವೂ 25 ಪಟ್ಟು ಹಿಗ್ಗುತ್ತವೆ. ಮುಂಗಾಜಿನ ವ್ಯಾಸ 50 ಮಿಲಿಮೀಟರು ಇದ್ದರೆ ಕಣ್ಣಿಗೆ ತಲಪುವ ಬೆಳಕಿನ ಕಂಬ ಎರಡೇ ಮಿಲಿಮೀಟರಿಗೆ ಇಳಿಯುತ್ತದೆ. ಹೀಗಾಗಿ 25ಕ್ಕೆ ಹಣ ತೆತ್ತು 15ರಲ್ಲಿ ಬಳಸುವುದು ಅನುಭವಿಗಳ ಸಂಪ್ರದಾಯವಾಗಿದೆ. ಕಣ್ಣಿಗೂ ಹಿಂಗಾಜಿಗೂ ನಡುವೆ ಇರಬೇಕಾದ ಒಂಬತ್ತು-ಹತ್ತು ಸೆಂಟಿಮೀಟರಿನ ಅಂತರಕ್ಕೆ ಐ ರಿಲೀಫ್ ಎಂದು ಹೆಸರು. ಇದನ್ನು ಕಡೆಗಣಿಸಿದವರ ಹುಬ್ಬಿನ ಮೇಲೆ, ಹಿಮ್ಮೆಟ್ಟುವ ರೈಫಲ್ಲು ಅರ್ಧಚಂದ್ರಾಕಾರದ ರಸೀದಿಯೊಂದನ್ನು ಬರೆದುಕೊಡುತ್ತದೆ.

ಇನ್ನು ಉಂಗುರಗಳು. ಸ್ಕೋಪಿನ ಕೊಳವೆಗಳು ಬಹುಮಟ್ಟಿಗೆ 25.4, 30 ಅಥವಾ 34 ಮಿಲಿಮೀಟರು ವ್ಯಾಸದವಾಗಿದ್ದು, ಉಂಗುರವೂ ಅದೇ ಅಳತೆಯದಾಗಿರಬೇಕೆಂಬುದು ಮಕ್ಕಳಿಗೂ ತಿಳಿಯುವ ಮಾತಾದರೂ ಅಂಚೆಯಲ್ಲಿ ಹಿಂದಿರುಗುವ ಉಂಗುರಗಳಿಗೆ ಬರವಿಲ್ಲ. ಎತ್ತರದ ಪ್ರಶ್ನೆ ಇನ್ನೂ ಜಟಿಲವಾದದ್ದು: ತೀರ ಗಿಡ್ಡವಾದರೆ ಮುಂಗಾಜಿನ ಗುಡಾಣ ನಳಿಗೆಗೆ ತಾಗುತ್ತದೆ ಅಥವಾ ತೋಟಾ ತುಂಬುವ ಬೋಲ್ಟಿನ ಹಿಡಿ ಮೇಲೇಳದಂತಾಗುತ್ತದೆ, ತೀರ ಎತ್ತರವಾದರೆ ರೈಫಲ್ಲಿನ ಹಿಂಬದಿಯ ದಿಮ್ಮಿಗೆ ಕೆನ್ನೆಯ ಬದಲು ಗದ್ದವನ್ನೂರಿ, ಗೋಡೆಯಾಚೆಗೆ ಇಣುಕುವವನಂತೆ ಕೂರಬೇಕಾಗುತ್ತದೆ. ಉಂಗುರಗಳು ಕಚ್ಚಿಕೊಳ್ಳುವ ಹಲ್ಲುಪಟ್ಟಿಗೆ, 1995ರಲ್ಲಿ ಅದರ ಅಳತೆಯನ್ನು ನಿಗದಿಗೊಳಿಸಿದ ನ್ಯೂಜೆರ್ಸಿಯ ಆಯುಧಾಗಾರದ ನೆನಪಿನಲ್ಲಿ, ಪಿಕಟಿನಿ ರೈಲು ಎನ್ನುತ್ತಾರೆ. ದೂರದ ಗುರಿಗೆಂದೇ ಮಾಡಿದ ರೈಲು ಡಿಗ್ರಿಯ ಮೂರನೆಯ ಒಂದು ಪಾಲಿನಷ್ಟು ಮುಂದಕ್ಕೆ ಬಾಗಿರುವುದರಿಂದ, ಹೊಸಬರು ಅದನ್ನು ಸೊಟ್ಟ ಮಾಲೆಂದುಕೊಂಡರೆ ಅಂಗಡಿಯವನ ತಪ್ಪಲ್ಲ.

ನೂರು ಗಜದಲ್ಲಿ ಹೊಂದಿಸಿಟ್ಟ ಮೂಲಸ್ಥಾನಕ್ಕೆ ಶೂಟರುಗಳು ಝೀರೋ ಎನ್ನುತ್ತಾರೆ; ಅದು ಸ್ಕೋಪಿನ ಸ್ಮರಣೆ. ಉಂಗುರ ಜಾರಿದ್ದೇ ತಡ, ದುಷ್ಯಂತನಿಗಾದದ್ದೇ ಸ್ಕೋಪಿಗೂ ಆಗುತ್ತದೆ: ಮುಖ ಅದೇ, ಗುರುತು ಮಾತ್ರ ಹತ್ತುವುದಿಲ್ಲ. 12 ಸೆಂಟಿಮೀಟರು ಅಂತರದ ಎರಡು ಉಂಗುರಗಳಲ್ಲಿ ಒಂದು, ಕೂದಲೆಳೆಯಷ್ಟು, ಎಂದರೆ ಮಿಲಿಮೀಟರಿನ ಹತ್ತನೆಯ ಒಂದು ಪಾಲು ಸರಿದರೆ, ಸಾವಿರ ಗಜದಲ್ಲಿ ಗುಂಡು ಮುಕ್ಕಾಲು ಮೀಟರು ಆಚೆ ಬೀಳುತ್ತದೆ. ಹಾಗೆಂದು ಬಿಗಿಯುವುದಕ್ಕೂ ಮಿತಿಯಿದ್ದು, ಉಂಗುರದ ಮೇಲರ್ಧವಾದ ಟೊಪ್ಪಿಯ ತಿರುಪುಗಳಿಗೆ ಸಾಮಾನ್ಯವಾಗಿ 15ರಿಂದ 18 ಇಂಚು-ಪೌಂಡ್ ತಿರುಚುಬಲ ಸಾಕೆಂದು ಹೇಳಿ, ಅದನ್ನಳೆಯಲು ಟಾರ್ಕ್ ರೆಂಚ್ ಎಂಬ ಸಾಧನವನ್ನೂ ಮಾರುತ್ತಾರೆ. ತಮ್ಮ ಮಣಿಕಟ್ಟಿಗೇ ಆ ಅಳತೆ ಗೊತ್ತಿದೆಯೆಂದು ನಂಬಿದವರ ಕೊಳವೆಯ ಮೇಲೆ ಉಂಗುರದ ಹಲ್ಲಿನ ಗುರುತು ಶಾಶ್ವತವಾಗಿ ಉಳಿಯುತ್ತದೆ. ಇಷ್ಟರ ನಡುವೆ ಸ್ಕೋಪು ಓರೆಯಾಗದಂತೆ ರೈಲಿನ ಮೇಲೊಂದು, ಟರೆಟ್ಟಿನ ಮೇಲೊಂದು ರಸಮಟ್ಟವಿಟ್ಟು ಎರಡರ ಗುಳ್ಳೆಗಳನ್ನೂ ನಡುವಿಗೆ ತಂದು, ಉಸಿರು ಬಿಗಿಹಿಡಿದು ತಿರುಪು ಬಿಗಿದರೆ, ಆ ಬಿಗಿತವೇ ಸ್ಕೋಪನ್ನು ತಿರುಗಿಸಿ ಎಲ್ಲವನ್ನೂ ಮೊದಲಿಗೆ ತರುತ್ತದೆ. ಒಂದೇ ಡಿಗ್ರಿ ಓರೆ ಉಳಿದರೂ ಸಾವಿರ ಗಜದಲ್ಲಿ ಗುಂಡು ಮುಕ್ಕಾಲು ಗೇಣು ಪಕ್ಕಕ್ಕೆ ಹೋಗುವುದರಿಂದ ಇದನ್ನು ಮಡಿಯ ಅತಿರೇಕವೆಂದು ನಗುವಂತೆಯೂ ಇಲ್ಲ.

ಗುರಿ ತಪ್ಪಿದಾಗ ದೋಷವನ್ನು ಹಂಚುವ ಕ್ರಮವೂ ನಿಯತವಾದದ್ದೇ: ಮೊದಲು ಗಾಳಿಗೆ, ಆಮೇಲೆ ತೋಟಾಕ್ಕೆ, ಅನಂತರ ಸ್ಕೋಪಿಗೆ, ಸ್ಕೋಪು ಕಾರ್ಖಾನೆಗೆ ಹೋಗಿ ನಿರ್ದೋಷಿಯೆಂಬ ಪತ್ರದೊಡನೆ ಮರಳಿದ ಮೇಲಷ್ಟೇ ಅಗ್ಗದ ಉಂಗುರದ ಸಡಿಲ ತಿರುಪೊಂದು ಬೆರಳಿಗೆ ಸಿಗುತ್ತದೆ. ಸ್ಕೋಪಿನ ಮೇಲೆ ದೋಷ ಹೊರಿಸಲಾಗದ ಕಾಲವೂ ಇತ್ತು: 1874ರ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕಿನ ಲಾಂಗ್ ಐಲೆಂಡಿನ ಕ್ರೀಡ್‌ಮೂರ್ ಬಯಲಿನಲ್ಲಿ ಐರ್ಲೆಂಡ್ ಮತ್ತು ಅಮೆರಿಕದ ತಂಡಗಳು 800, 900, 1000 ಗಜಗಳಲ್ಲಿ ಸೆಣಸಿದಾಗ ಸ್ಕೋಪಿಗೆ ನಿಷೇಧವಿತ್ತು. ಮಿಲ್ನರ್ ಎಂಬ ಐರಿಷ್ ಸ್ಪರ್ಧಿ ಬರಿಗಣ್ಣಿನಲ್ಲೇ ಗುರಿಯ ನಟ್ಟನಡುವಿಗೆ, ಕುಂದೆಣಿಸಲಾಗದಂತೆ, ಒಂದು ಗುಂಡು ಹೊಡೆದನಾದರೂ ಆ ಗುರಿಹಲಗೆ ಅವನದಾಗಿರಲಿಲ್ಲ. ನಾಲ್ಕು ಅಂಕಗಳ ಬದಲು ಸೊನ್ನೆ ಬಂದು, ಐರ್ಲೆಂಡ್ 931ಕ್ಕೆ 934ರಂತೆ ಮೂರೇ ಅಂಕಗಳಿಂದ ಸೋತಿತು. ಬಂದೂಕಿನ ಮೇಲೆ ಉಂಗುರಗಳೇ ಇರದಿದ್ದುದರಿಂದ, ಆ ಸಂಜೆ ಬೈಯಲು ಐರಿಷರಿಗೆ ಒಂದು ಸಡಿಲ ತಿರುಪೂ ಸಿಕ್ಕಲಿಲ್ಲ.