ಎಟುಕಿದರೂ ಹುಳಿ

ಸಂಪಾದಕರು ಫೋನಿನಲ್ಲಿ ಹೇಳಿದ್ದು ಕೋಲಾರ. ನನಗೆ ಕೇಳಿಸಿದ್ದು ಕೊಲಾರೆಸ್. ದ್ರಾಕ್ಷಿತೋಟ ಎರಡೂ ಕಡೆ ಇರುವುದರಿಂದ ತಪ್ಪು ಪೂರ್ತಿ ನನ್ನದಲ್ಲ. ಹೀಗೆ ಪೋರ್ಚುಗಲ್ಲಿಗೆ ಬಂದಿಳಿದು, ಸಿಂತ್ರಾ ಬೆಟ್ಟದ ಪಡುವಣ ಮಗ್ಗುಲಲ್ಲಿ, ಅಟ್ಲಾಂಟಿಕ್ ಕಡಲಿನ ಸದ್ದು ಕೇಳುವಷ್ಟು ಹತ್ತಿರ, ಒಣ ಜೊಂಡಿನ ಬೇಲಿಯೊಳಗೆ ಚಕ್ಕಳಮಕ್ಕಳ ಹಾಕಿ ಕೂತೆ. ಎದುರಿಗೆ ರಮಿಸ್ಕೊ ಜಾತಿಯ ಒಂದು ಮುದಿ ಬಳ್ಳಿ. ಕಪ್ಪಗೆ, ಗಂಟುಗಂಟಾಗಿ, ಮರಳಿನ ಮೇಲೆ ಹೆಬ್ಬಾವಿನ ಹಾಗೆ ಬಿದ್ದುಕೊಂಡಿತ್ತು. ಕಾದ ಮರಳು ಹಣ್ಣಿಗೆ ತಾಗದಿರಲೆಂದು ಒಂದೊಂದು ಗೊಂಚಲಿನ ಪಕ್ಕಕ್ಕೂ ಜೊಂಡಿನ ಕಡ್ಡಿಯ ಊರುಗೋಲು.

ನಾನು: ನಮಸ್ಕಾರ. ಯಾವ ಭಾಷೆಯಲ್ಲಿ ಮಾತಾಡೋಣ?

ಬಳ್ಳಿ: ಚಾವಿ, ಜನೆಲು, ಪಗಾರ. ಇವು ನಮ್ಮವರ ಹಡಗಿನಲ್ಲಿ ನಿಮ್ಮ ಕರಾವಳಿಗೆ ಬಂದ ಮಾತುಗಳೇ ತಾನೆ? ಈ ಮೂರರಲ್ಲಿ ಸಂಸಾರವೇ ನಡೆಯುತ್ತದೆ, ಸಂದರ್ಶನ ನಡೆಯದೆ? ಕೇಳಿ.

ನಾನು: ತಮ್ಮ ವಯಸ್ಸು?

ಬಳ್ಳಿ: ಯಾವ ತುದಿಯದು? ಆ ಬೇಲಿ ಹತ್ತಿರ ಹುಟ್ಟಿದೆ. ಕೊಂಬೆ ಬಗ್ಗಿಸಿ ಹೂತರು, ಅಲ್ಲಿ ಬೇರು ಬಂತು. ಆ ಕೊಂಬೆಯ ಕೊಂಬೆಯನ್ನು ಇನ್ನೊಂದು ಕಡೆ ಹೂತರು. ನಾನೇ ನನ್ನ ಮಗಳು, ನಾನೇ ಮೊಮ್ಮಗಳು. ನಿಮ್ಮಲ್ಲಿ ನನ್ನ ವಂಶವೃಕ್ಷಕ್ಕೆ ಅರ್ಜಿ ಹಾಕಿದರೆ ಗ್ರಾಮಲೆಕ್ಕಿಗ ರಜೆ ಹಾಕಿ ಹೋದಾನು.

ನಾನು: ದೊಡ್ಡ ಮನೆತನ ಅಂತ ಕೇಳಿದ್ದೆ...

ಬಳ್ಳಿ: ಮನೆತನದ ಮಾತು ಬೇಡ. ಸ್ವಂತ ಕಾಲ ಮೇಲೆ ನಿಂತವಳು ನಾನು.

ನಾನು: ಮಲಗಿದ್ದೀರಲ್ಲ?

ಬಳ್ಳಿ: ಮಲಗಿರುವುದು ಗಾಳಿಗೆ ಹೆದರಿ. ಈ ಕಡಲಗಾಳಿ ಉಪ್ಪು ತಂದು ಎಲೆ ಸುಡುತ್ತದೆ, ತಲೆ ಎತ್ತಿದವರನ್ನು ಮುರಿಯುತ್ತದೆ. ಕಾಲಿನ ಮಾತು ಬೇರೆ. 1860ರ ದಶಕದಲ್ಲಿ ಅಮೆರಿಕದಿಂದ ಫಿಲೊಕ್ಸೆರಾ ಎಂಬ ಹೇನು ಬಂತು, ಬಂದದ್ದೇ ಬೇರಿಗೆ ಬಾಯಿ ಹಾಕಿತು. ಫ್ರಾನ್ಸಿನ ತೋಟಗಳು ಹೋದವು, ನಮ್ಮ ದೋರು ಕಣಿವೆಯೂ ಹೋಯಿತು. ಕೊನೆಗೆ ಮದ್ದು ಕೂಡ ಅಮೆರಿಕದಿಂದಲೇ. ಅಲ್ಲಿಯ ಬಳ್ಳಿಯ ಬೇರಿಗೆ ಇಲ್ಲಿಯ ಕೊಂಬೆಯ ಕಸಿ. ಇವತ್ತು ಯಾವ ಘನವಂತ ಫ್ರೆಂಚ್ ತೋಟದ ಪಂಚೆ ಎತ್ತಿ ನೋಡಿದರೂ ಕಾಲು ಹೆಚ್ಚುಕಮ್ಮಿ ಅಮೆರಿಕದ್ದೇ. ನಾನು ಹುಟ್ಟಿದ ಕಾಲಿನಲ್ಲೇ ಇದ್ದೇನೆ.

ನಾನು: ಆ ಹೇನನ್ನು ಹೇಗೆ ಗೆದ್ದಿರಿ?

ಬಳ್ಳಿ: ಗೆಲ್ಲುವುದೇನು ಬಂತು, ಮಣ್ಣು. ಅದೂ ಅಲ್ಲ, ಮರಳು. ಹೇನು ನೆಲದ ಬಿರುಕು ಹಿಡಿದು ಬೇರಿಂದ ಬೇರಿಗೆ ನಡೆಯುವ ಪ್ರಾಣಿ. ಮರಳಿನಲ್ಲಿ ಬಿರುಕೇ ನಿಲ್ಲುವುದಿಲ್ಲ. ನಾನು ಸುಮ್ಮನೆ ಇಲ್ಲಿ ಬಿದ್ದಿದ್ದೆ, ಅಷ್ಟೆ. ಊರೆಲ್ಲ ಸತ್ತಾಗ ಉಳಿದವಳನ್ನು ಜನ ಶೂರಳು ಅನ್ನುತ್ತಾರೆ. ಅನ್ನಲಿ ಅಂತ ನಾನೂ ಬಿಟ್ಟೆ.

ನಾನು: (ಅಭ್ಯಾಸಬಲದಿಂದ ಸುತ್ತ ಕಣ್ಣಾಡಿಸುತ್ತ) ಒಳ್ಳೆ ಮರಳು. ನಮ್ಮಲ್ಲಾಗಿದ್ದರೆ...

ಬಳ್ಳಿ: ಎಷ್ಟು ಲೋಡು ಬಂತು ಲೆಕ್ಕ?

ನಾನು: ಕ್ಷಮಿಸಿ. ಅಂದರೆ ತಾವು ಬೇರು ಬಿಟ್ಟಿರುವುದು ಈ ಮರಳಿನಲ್ಲೇ?

ಬಳ್ಳಿ: ಮರಳಿನಲ್ಲಿ ಏನಿದೆ ಅಂತ ಬೇರು ಬಿಡಲಿ? ಅಡಿಯಲ್ಲಿ ಜೇಡಿಮಣ್ಣಿದೆ. ಅಲ್ಲಿಯ ತನಕ ಅಗೆದು, ಜೇಡಿಗೆ ಗಿಡ ನೆಟ್ಟು, ಅದು ಬೆಳೆದ ಹಾಗೆ ಮರಳು ತುಂಬುತ್ತ ಬರಬೇಕು. ಕೆಲವು ಕಡೆ ಗುಂಡಿ ಎರಡಾಳುದ್ದ. ಮರಳಿನ ದಂಡೆ ಗೊತ್ತಲ್ಲ, ಸೀನಿದರೆ ಕುಸಿಯುತ್ತದೆ. ಅದಕ್ಕೇ ಹಿಂದೆಲ್ಲ ಗುಂಡಿಗಿಳಿಯುವವನು ತಲೆಗೊಂದು ಬುಟ್ಟಿ ಕವುಚಿಕೊಂಡು ಇಳಿಯುತ್ತಿದ್ದ. ಮೇಲೆ ಕುಸಿದರೆ ಬುಟ್ಟಿಯೊಳಗೆ ನಾಲ್ಕು ಉಸಿರಿನಷ್ಟು ಗಾಳಿ ಇರುತ್ತದೆ, ಮೇಲಿನವರು ಅಗೆದು ತೆಗೆಯುವ ತನಕ ಸಾಕು ಅನ್ನುವ ಲೆಕ್ಕ. ನಾಲ್ಕೇ ಉಸಿರು. ಐದನೆಯದಕ್ಕೆ ಏನು ಅಂತ ಯಾರೂ ಕೇಳಿದ ಹಾಗಿಲ್ಲ. ನನ್ನ ವೈನನ್ನು ಗಾಜಿನಲ್ಲಿ ತಿರುಗಿಸಿ, ಮೂಸಿ, ಚೆರ್ರಿ ಇದೆ, ಕಡಲಿದೆ, ಅಣಬೆ ಇದೆ ಅನ್ನುವವರನ್ನು ಬೇಕಾದಷ್ಟು ಕಂಡಿದ್ದೇನೆ. ಬುಟ್ಟಿಯ ವಾಸನೆ ಬಂತು ಅಂದವರನ್ನು ಕಂಡಿಲ್ಲ.

ನಾನು: ಪಕ್ಕದ ಗಟ್ಟಿನೆಲದಲ್ಲೂ ದ್ರಾಕ್ಷಿ ಕಾಣುತ್ತಿದೆ. ನೆಂಟರೇ?

ಬಳ್ಳಿ: ಅವರ ಸುದ್ದಿ ಬೇಡ.

ನಾನು: ಜಾತಿಯೇ?

ಬಳ್ಳಿ: ಛೆ, ಕಾನೂನು! 1908ರಲ್ಲೇ ನಮ್ಮ ಸೀಮೆಗೆ ಗಡಿ ಹಾಕಿದ್ದಾರೆ. ಕೊಲಾರೆಸ್ ಎಂಬ ಚೀಟಿ ಹಚ್ಚಬೇಕಾದರೆ ಮರಳಿನಲ್ಲಿ ಹುಟ್ಟಿರಬೇಕು, ಕಸಿಯಾಗಿರಬಾರದು. ಬೇಲಿಯಾಚೆ ಹತ್ತು ಮಾರು ದೂರದಲ್ಲಿ ಹುಟ್ಟಿದವರದು ಬರೀ ವೈನು. ಒಳ್ಳೆಯವರೇ ಪಾಪ. ಒಂದೇ ಬಿಸಿಲು, ಒಂದೇ ಮಂಜು. ಆದರೂ ಪಂಕ್ತಿ ಬೇರೆ. ಇದನ್ನು ನೀವು ಏನೆಂದು ಕರೆಯುತ್ತೀರೋ ಕರೆದುಕೊಳ್ಳಿ, ನಿಮಗೆ ಅನುಭವವಿದೆ.

ನಾನು: ನಮ್ಮ ಉಡುಪಿ ಕಡೆಯ ಮಟ್ಟುಗುಳ್ಳ ಬದನೆಗೂ ಭೌಗೋಳಿಕ ಗುರುತು ಸಿಕ್ಕಿದೆ.

ಬಳ್ಳಿ: ಸಂತೋಷ. ಆ ಊರಿನಿಂದ ಸಮುದ್ರ ಕಾಣುತ್ತದೆಯೇ?

ನಾನು: ಚೆನ್ನಾಗಿ ಕಾಣುತ್ತದೆ.

ಬಳ್ಳಿ: ಅಯ್ಯೋ ಪಾಪ.

ನಾನು: ಯಾಕೆ?

ಬಳ್ಳಿ: ಒಂದು ಕಾಲಕ್ಕೆ ನಮ್ಮವರು ಸಾವಿರ ಹೆಕ್ಟೇರ್ ದಾಟಿದ್ದರು. ಈಗ ಹತ್ತಿಪ್ಪತ್ತು ಹೆಕ್ಟೇರ್. ಹೇನು ಮುಟ್ಟದ್ದನ್ನು ಲಿಸ್ಬನ್ನಿನ ಶನಿವಾರ ಭಾನುವಾರಗಳು ಮುಟ್ಟಿದವು. ಗುಂಡಿ ತೋಡಿ, ಬುಟ್ಟಿ ಹೊತ್ತು, ವರ್ಷಗಟ್ಟಲೆ ಕಾದು, ನಾಲ್ಕು ಗೊಂಚಲು ಕೊಯ್ಯುವ ಬದಲು ಗೋಡೆ ಎಬ್ಬಿಸುವುದು ಸುಲಭ. ಅವರಿಗೆ ಬೇಕಾದ್ದು ಒಂದು ಜನೆಲು, ಅದರಲ್ಲಿ ಕಡಲು. ಮನೆ ಕಟ್ಟಲು ಬಳ್ಳಿ ಕಿತ್ತು, ಮನೆಗೆ ದ್ರಾಕ್ಷಿತೋಟ ಅಂತ ಹೆಸರಿಡುವುದು ನಿಮ್ಮಲ್ಲೂ ಉಂಟಂತೆ.

(ನಮ್ಮ ಬೆಂಗಳೂರಿನ ‘ಲೇಕ್ ವ್ಯೂ’ಗಳ ನೆನಪಾಗಿ ನಾನು ವಿಷಯ ಬದಲಿಸಿದೆ.)

ನಾನು: ವೈನ್ ಮಾಡುವವರ ಬಗ್ಗೆ ಎರಡು ಮಾತು.

ಬಳ್ಳಿ: ಬೆಳೆಗಾರರೆಲ್ಲ ಸೇರಿ 1931ರಲ್ಲಿ ಅದೆಗಾ ರೆಜಿಯೊನಾಲ್ ಕಟ್ಟಿದರು. ನಮ್ಮ ದೇಶದ ವೈನ್ ಸಹಕಾರಿಗಳಲ್ಲೇ ಹಳೆಯದು. ಅಲ್ಲಿ ವೈನ್ ಮಾಡುವಾತನ ಮುಖ್ಯ ಕೆಲಸ ಕೈ ಕಟ್ಟಿಕೊಂಡು ಕೂರುವುದು. ತಮಾಷೆಯಲ್ಲ, ಅದು ಕಷ್ಟ. ಎಳೆಯದರಲ್ಲಿ ನನ್ನ ರಸ ಬಾಯಿಗಿಟ್ಟರೆ ಹಸಿ ಅಡಕೆ ಜಗಿದ ಹಾಗೆ ನಾಲಿಗೆ ಮಡಚಿಕೊಳ್ಳುತ್ತದೆ. ಮರದ ಪೀಪಾಯಿಯಲ್ಲಿ ವರ್ಷಗಟ್ಟಲೆ ಇಡು, ಬಾಟಲಿಯಲ್ಲಿ ಮತ್ತೆ ಇಡು. ತಾನು ಮಾಡಿದ್ದು ಸರಿಯಾಯಿತೋ ಇಲ್ಲವೋ ಅಂತ ಗೊತ್ತಾಗುವಾಗ ಆತನಿಗೆ ನಿವೃತ್ತಿ. ಪಗಾರ ಮಾತ್ರ ತಿಂಗಳಿಗೊಮ್ಮೆ ಬೇಕು. ಅದಕ್ಕೇ ಇರಬೇಕು, ಬಾಟಲಿ ಅರ್ಧ ಲೀಟರಿಗೆ ಇಳಿದಿದೆ. ಬೆಲೆ ಇಳಿದಿಲ್ಲ.

ನಾನು: ಕೊನೆಯದಾಗಿ, ಆ ನರಿಯ ಆರೋಪಕ್ಕೆ ಏನು ಹೇಳುತ್ತೀರಿ?

ಬಳ್ಳಿ: ಅದು ಎಟುಕಲಿಲ್ಲ, ಹುಳಿ ಅಂದಿತು. ಚಪ್ಪರದವರ ಜಗಳ ಅದು. ನಾನು ನೆಲದಲ್ಲಿ ಬಿದ್ದಿದ್ದೇನೆ, ಇಲಿಗೂ ಎಟುಕುತ್ತೇನೆ. ಎಟುಕಿದರೂ ಹುಳಿ. ಸಾವಿರ ಹೆಕ್ಟೇರ್ ಇದ್ದಾಗ ಇದನ್ನೇ ಚೊಗರು ಅನ್ನುತ್ತಿದ್ದರು. ಹತ್ತಿಪ್ಪತ್ತಕ್ಕೆ ಇಳಿದ ಮೇಲೆ ವ್ಯಕ್ತಿತ್ವ ಅನ್ನುತ್ತಾರೆ. ಇನ್ನೂ ನಾಲ್ಕು ಮನೆ ಏಳಲಿ, ಪರಂಪರೆ ಅಂದಾರು.

ನಾನು: ಈ ವರ್ಷದ್ದು ಒಂದು ಗುಟುಕು ರುಚಿ ನೋಡಬಹುದಿತ್ತೇ?

ಬಳ್ಳಿ: ಮಕ್ಕಳಿದ್ದಾರಾ?

ನಾನು: ಒಬ್ಬಳು ಮಗಳು. ಎಂಟನೇ ಕ್ಲಾಸು.

ಬಳ್ಳಿ: ಅವಳನ್ನು ಕಳಿಸಿ. ಅವಸರವಿಲ್ಲ.

ಎದ್ದು ನಿಂತೆ. ಕಾಲು ಜೋಮು ಹಿಡಿದಿತ್ತು. ಕೈಮುಗಿದು ಬೇಲಿಯ ಸಂದಿಗೆ ಬರುವಷ್ಟರಲ್ಲಿ ಹಿಂದಿನಿಂದ ದನಿ ಬಂತು:

“ರೀ, ಆ ಪ್ಯಾಂಟಿನ ಮಡಿಕೆಯಲ್ಲಿ ಸೇರಿರುವ ಮರಳು ಇಲ್ಲೇ ಕೊಡವಿ ಹೋಗಿ.”