ಟರ್ಬೋ ಮತ್ತು ಮುನ್ನೂರು ಯೂನಿಟ್

ಡೊಂಬಿವಲಿಯಲ್ಲಿ ಗೇಮ್ ಆಡಲೆಂದು ಯಾರೂ ಗೇಮಿಂಗ್ ಲ್ಯಾಪ್‌ಟಾಪ್ ಕೊಳ್ಳುವುದಿಲ್ಲ. ಇಂಜಿನಿಯರಿಂಗ್‌ಗೆಂದು ಕೊಳ್ಳುತ್ತಾರೆ. ಆಟೋಕ್ಯಾಡ್ ಓಡಬೇಕು, ಮಶೀನ್ ಲರ್ನಿಂಗ್ ಓಡಬೇಕು, ಕ್ಲಾಸಿನಲ್ಲಿ ಎಲ್ಲರ ಹತ್ತಿರವೂ ಉಂಟು ಎಂದು ಮಗ ವಾದ ಮಂಡಿಸಿ, ಅಪ್ಪ ಪಿಎಫ್ ನೆನೆದು ನಿಟ್ಟುಸಿರು ಬಿಟ್ಟು, ಕೊನೆಗೆ ಲಕ್ಷದ ಮೇಲೆ ಚಿಲ್ಲರೆ ತೆತ್ತು ಕಲ್ಯಾಣದ ಅಂಗಡಿಯಿಂದ ಡಬ್ಬ ಮನೆಗೆ ಬರುತ್ತದೆ. ಮೊದಲ ಸೆಮಿಸ್ಟರ್ ಮುಗಿಯುವಷ್ಟರಲ್ಲಿ ಕೀಬೋರ್ಡಿನ ಡಬ್ಲ್ಯೂ, ಎ, ಎಸ್, ಡಿ ಎಂಬ ನಾಲ್ಕು ಕೀಲಿ ಮಾತ್ರ ಸವೆದು ಹೊಳೆಯುತ್ತಿರುತ್ತವೆ. ಈ ನಾಲ್ಕೇ ಅಕ್ಷರದಲ್ಲಿ ಯಾವ ಸೇತುವೆಯ ನಕ್ಷೆ ಬರೆದೆ ಎಂದು ಯಾವ ಅಪ್ಪನೂ ಕೇಳಿದ್ದಿಲ್ಲ.

ಎದುರು ಮನೆಯ ರಾಯರು, ನಿವೃತ್ತ ಬ್ಯಾಂಕ್ ನೌಕರರು, ಮಗನ ಲ್ಯಾಪ್‌ಟಾಪ್ ಮುಟ್ಟಿ ಕೇಳಿದ್ದು ಬೇರೆ. "ಇದು ಯಾಕೆ ಇಷ್ಟು ಬಿಸಿ?"

ಬಿಸಿಗೆ ಕಾರಣ ಸರಳ. ಯಂತ್ರಕ್ಕೆ ಎಷ್ಟು ವಾಟ್ ಕುಡಿಸುತ್ತೀರೋ ಹೆಚ್ಚುಕಡಿಮೆ ಅಷ್ಟೂ ಬಿಸಿಯಾಗಿ ಹೊರಗೆ ಬರಲೇಬೇಕು. ಸೈಲೆಂಟ್, ಬ್ಯಾಲೆನ್ಸ್ಡ್, ಪರ್ಫಾರ್ಮೆನ್ಸ್, ಟರ್ಬೋ ಎಂದು ಕಂಪನಿಗಳು ಇಟ್ಟ ಹೆಸರುಗಳೆಲ್ಲ ಎಷ್ಟು ವಾಟ್ ಕುಡಿಸಬಹುದು, ಫ್ಯಾನ್ ಎಷ್ಟು ಕೂಗಬಹುದು ಎಂಬ ಪರವಾನಗಿಗಳು. ಲೆನೊವೊ ಲೀಜನ್‌ನಲ್ಲಿ ಎಫ್ಎನ್ ಜೊತೆ ಕ್ಯೂ ಒತ್ತಿದರೆ ಪವರ್ ಬಟನ್ನಿನ ದೀಪ ನೀಲಿ, ಬಿಳಿ, ಕೆಂಪಾಗುತ್ತದೆ. ಕೆಂಪು ಬಂದಾಗ ಹುಡುಗನ ಮುಖದಲ್ಲಿ ಮೂಡುವ ಕಳೆ ನೋಡಬೇಕು, ಸಿಇಟಿ ರ್‍ಯಾಂಕ್ ಬಂದ ದಿನವೂ ಇರಲಿಲ್ಲ. ಆದರೆ ಚಿಪ್ಪಿಗೂ ಪ್ರಾಣಭಯವಿದೆ. ಮಾದರಿಗೆ ತಕ್ಕಂತೆ 95, 100 ಡಿಗ್ರಿಯ ಹತ್ತಿರ ಬಂದರೆ ತನ್ನಷ್ಟಕ್ಕೆ ತಾನೇ ವೇಗ ಇಳಿಸಿಕೊಳ್ಳುತ್ತದೆ, ಥ್ರಾಟ್ಲಿಂಗ್ ಎನ್ನುತ್ತಾರೆ. ಪಲಾವಾದ ಫ್ಲೈಓವರನ್ನು 2025ರ ಜುಲೈಯಲ್ಲಿ ತೆರೆದು, ಬೈಕುಗಳು ಜಾರಿದವೆಂದು ಕೆಲವೇ ಗಂಟೆಯಲ್ಲಿ ಮುಚ್ಚಿದ್ದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇನ್ನು ಡಬ್ಬದ ಮೇಲಿನ ಹೆಸರು. ಆರ್‌ಟಿಎಕ್ಸ್ 4060 ಎಂದು ಬರೆದ ಲ್ಯಾಪ್‌ಟಾಪ್ ಚಿಪ್ಪನ್ನು 35 ವಾಟ್‌ನಿಂದ 115 ವಾಟ್‌ವರೆಗೆ ಎಲ್ಲಿ ಬೇಕಾದರೂ ಕಟ್ಟಿಹಾಕಲು ತಯಾರಕರಿಗೆ ಅವಕಾಶವಿದೆ. ಸ್ಟಿಕ್ಕರ್ ಒಂದೇ, ಶಕ್ತಿ ಮಾತ್ರ ಮೂರು ಪಟ್ಟು ಆಚೀಚೆ. ಘೋಡ್‌ಬಂದರ್ ರಸ್ತೆಯಲ್ಲಿ ಫ್ಲ್ಯಾಟ್ ಕೊಂಡವರಿಗೆ ಇದು ಹಳೆಯ ವಿದ್ಯೆ: ಬ್ರೋಷರಿನಲ್ಲಿ ಸೂಪರ್ ಬಿಲ್ಟ್‌ಅಪ್, ಮಂಚ ಇಡುವ ಹೊತ್ತಿಗೆ ಕಾರ್ಪೆಟ್ ಏರಿಯಾ. ಬಿಲ್ಡರುಗಳಿಗಾದರೂ ರೇರಾ ಎಂಬ ಕಾನೂನು ಬಂತು. ವಾಟಿಗೆ ರೇರಾ ಇಲ್ಲ. ವಾಟ್ ಎಷ್ಟೆಂದು ಕೇಳಿದರೆ ಅಂಗಡಿಯವ ಕೀಬೋರ್ಡಿನ ಬಣ್ಣದ ದೀಪ ಹಚ್ಚಿ ತೋರಿಸುತ್ತಾನೆ.

ಹೀಗೆ ತಂದ ಟರ್ಬೋವನ್ನು ಏನು ಮಾಡುವುದು? ಆರಿಸುವುದು. ಬಲ್ಲ ಹುಡುಗರು ಮೊದಲ ವಾರದಲ್ಲೇ ಹೇಳಿಕೊಡುವ ಮಂತ್ರ ಇದು: ವಿಂಡೋಸ್‌ನ ಪವರ್ ಸೆಟ್ಟಿಂಗಿಗೆ ಹೋಗು, ಪ್ರೊಸೆಸರಿನ ಗರಿಷ್ಠ ಮಿತಿಯನ್ನು 100ರಿಂದ 99ಕ್ಕೆ ಇಳಿಸು. ಒಂದೇ ಅಂಕಿ ಕಡಿಮೆಯಾದರೆ ಸಾಕು, ಟರ್ಬೋ ಬೂಸ್ಟ್ ಮಲಗುತ್ತದೆ, ಬಿಸಿ ಹತ್ತಾರು ಡಿಗ್ರಿ ಇಳಿಯುತ್ತದೆ, ಬಹಳಷ್ಟು ಆಟಗಳಲ್ಲಿ ವ್ಯತ್ಯಾಸ ಕಣ್ಣಿಗೆ ಬೀಳುವುದೂ ಇಲ್ಲ. ಟರ್ಬೋ ಇದೆಯೆಂದು ಇಪ್ಪತ್ತು ಸಾವಿರ ಹೆಚ್ಚು ಕೊಟ್ಟ ರಾಯರಿಗೆ ಈ ಸುದ್ದಿಯನ್ನು ಇದುವರೆಗೆ ಯಾರೂ ಮುಟ್ಟಿಸಿಲ್ಲ. ನಾನೂ ಮುಟ್ಟಿಸಲಿಲ್ಲ, ಅವರಿಗೆ ಬಿಪಿ ಉಂಟು.

ಮನೆಯೊಳಗೆ ಮೋಡ್ ನಿರ್ಧರಿಸುವುದು ಎಫ್ಎನ್ ಕ್ಯೂ ಅಲ್ಲ. ರಾತ್ರಿ ಎಂಟಕ್ಕೆ ಅಮ್ಮನ ಸೀರಿಯಲ್ ಶುರುವಾದರೆ ಅದು ಸೈಲೆಂಟ್. ಒಮ್ಮೆ ಅಕಾಲದಲ್ಲಿ ಟರ್ಬೋ ಹಾಕಿದಾಗ ರಾಯರು ಬಚ್ಚಲಿನಿಂದಲೇ "ಮಿಕ್ಸಿ ಯಾರೇ ಹಾಕಿದ್ದು?" ಎಂದು ಕೂಗಿದ್ದು ಮೂರನೇ ಮಹಡಿಗೂ ಕೇಳಿತ್ತು. ಗಾಳಿ ಆಡಲೆಂದು ಹುಡುಗ ಲ್ಯಾಪ್‌ಟಾಪಿನ ಹಿಂದಿನ ತುದಿಗೆ ನೀರಿನ ಬಾಟಲಿಯ ಎರಡು ಮುಚ್ಚಳ ಕೊಟ್ಟು ಎತ್ತರಿಸಿದ್ದಾನೆ, ಒಂದು ನೀಲಿ, ಒಂದು ಬಿಳಿ. ಎರಡು ಸಾವಿರದ ಕೂಲಿಂಗ್ ಪ್ಯಾಡ್ ಮಾಡುವ ಕೆಲಸದ ಮುಕ್ಕಾಲು ಪಾಲು ಈ ಮುಚ್ಚಳಗಳೇ ಮಾಡುತ್ತವೆ. ಆಯುಧ ಪೂಜೆಯ ದಿನ ಅಮ್ಮ ಭಕ್ತಿಯಿಂದ ಅರಿಶಿನ ಕುಂಕುಮ ಇಟ್ಟದ್ದು ಸರಿಯಾಗಿ ಗಾಳಿ ಹೊರಡುವ ಕಿಂಡಿಗೆ. ಚೆಂಡುಹೂವಿನ ಒಂದು ಎಸಳು ಒಳಗೇ ಹೋಗಿ ಕಾರ್ತಿಕದವರೆಗೂ ಕಟಕಟ ಎನ್ನುತ್ತಿತ್ತು.

ಕುಂಕುಮದ ಬಾಬ್ತು ವರ್ಷಕ್ಕೊಮ್ಮೆ. ಧೂಳಿನದು ನಿತ್ಯ. ಥಾಣೆ–ಭಿವಂಡಿ–ಕಲ್ಯಾಣ ಮೆಟ್ರೋಗೆ ಪ್ರಧಾನಿ ಕಲ್ಯಾಣಕ್ಕೇ ಬಂದು ಶಂಕುಸ್ಥಾಪನೆ ಮಾಡಿದ್ದು 2018ರ ಡಿಸೆಂಬರ್ 18ರಂದು. ಮೆಟ್ರೋಗಿಂತ ಎಷ್ಟೋ ವರ್ಷ ಮೊದಲೇ ಅದರ ಧೂಳು ಬಂದು ಈ ಕಡೆಯ ಹೀಟ್‌ಸಿಂಕುಗಳ ಸಂದಿಯಲ್ಲಿ ಕಾಯಂ ಠಿಕಾಣಿ ಹೂಡಿತು. ನಮ್ಮ ಖಾಡಿಯ ಕಡೆಯಿಂದ ಬರುವ ಒದ್ದೆ ಸೆಕೆಗೆ ಮಾತ್ರ ಯಂತ್ರ ಅಂಜುವುದಿಲ್ಲ. ಬೆವರು ಒಣಗುವ ಚಿಂತೆ ಅದಕ್ಕೆಲ್ಲಿ? ಅದು ಹೆದರುವುದು ಕೋಣೆಯ ಬಿಸಿಗೆ. ಕೋಣೆ ಐದು ಡಿಗ್ರಿ ಏರಿದರೆ ಚಿಪ್ಪೂ ಹೆಚ್ಚುಕಡಿಮೆ ಅಷ್ಟೇ ಏರುತ್ತದೆ.

ಮೇ ತಿಂಗಳಲ್ಲಿ ಹುಡುಗ ಹೂಡಿದ ವಾದ ಇದೇ. "ಅಪ್ಪಾ, ಎಸಿ ಹಾಕದಿದ್ರೆ ಲ್ಯಾಪ್‌ಟಾಪ್ ಹಾಳಾಗ್ತದೆ." ಹೆಂಡತಿ ಹತ್ತು ಬೇಸಿಗೆ ಬೇಡಿದರೂ ಗೋಡೆಯ ಮೇಲೆ ತಣ್ಣಗೆ ಮುಚ್ಚಿಕೊಂಡಿದ್ದ ಎಸಿ ಆ ರಾತ್ರಿ ಬಾಯಿ ತೆರೆಯಿತು. ಲಕ್ಷದ ವಸ್ತು ನೋಡಿ! ಲ್ಯಾಪ್‌ಟಾಪಿನ ಅಡಾಪ್ಟರ್ 230 ವಾಟ್‌ನದು. ಅದನ್ನು ತಂಪಾಗಿಡಲು ಹಚ್ಚುವ ಒಂದೂವರೆ ಟನ್ನಿನ ಎಸಿ ಅದರ ಆರು ಪಟ್ಟು ನುಂಗುತ್ತದೆ. ಮಹಾವಿತರಣದ ಬಿಲ್ಲಿನಲ್ಲಿ 301ನೇ ಯೂನಿಟ್‌ನಿಂದ ದರ ಮೇಲಿನ ಸ್ಲ್ಯಾಬಿಗೆ ಜಿಗಿಯುತ್ತದೆ. ರಾಯರು ದಿನಾ ಬೆಳಿಗ್ಗೆ ಚಪ್ಪಲಿ ಮೆಟ್ಟಿ ಕೆಳಗಿಳಿದು, ಮೀಟರ್ ಪೆಟ್ಟಿಗೆಗೆ ಟಾರ್ಚ್ ಬಿಟ್ಟು, ಕ್ಯಾಲೆಂಡರಿನ ಮೂಲೆಯಲ್ಲಿ ಪೆನ್ಸಿಲಿನಿಂದ ಅಂಕಿ ಬರೆಯತೊಡಗಿದರು. ತಿಂಗಳ ಇಪ್ಪತ್ತೆರಡಕ್ಕೆ 300 ದಾಟಿತು.

ಅವರ ಹಿರಿಮಗಳು ಐರೋಲಿಯ ಡೇಟಾ ಸೆಂಟರಿನಲ್ಲಿ ರಾತ್ರಿ ಪಾಳಿ. ಐರೋಲಿ, ರಬಾಲೆ, ಮಹಾಪೆ ಉದ್ದಕ್ಕೂ ಕಿಟಕಿಯೇ ಇಲ್ಲದ ಇಂಥ ಕಟ್ಟಡಗಳು ಎದ್ದಿವೆ. ಸರ್ವರುಗಳು ಸೇವಿಸುವ ಗಾಳಿ 18ರಿಂದ 27 ಡಿಗ್ರಿಯೊಳಗಿರಲಿ ಎಂಬುದು ಅಂತಾರಾಷ್ಟ್ರೀಯ ಶಿಫಾರಸು. ಹಾಗಾಗಿ ಹುಡುಗಿ ಮೇ ತಿಂಗಳಲ್ಲೂ ಚೀಲದಲ್ಲಿ ಸ್ವೆಟರ್ ಇಟ್ಟುಕೊಂಡು ಹೋಗುತ್ತಾಳೆ. ಬೆಳಿಗ್ಗೆ ಟ್ರಾನ್ಸ್‌ಹಾರ್ಬರ್ ಲೋಕಲ್ ಹಿಡಿದು ಥಾಣೆಗೆ ಬಂದು, ಕಲ್ಯಾಣ ಸ್ಲೋನಲ್ಲಿ ಬೆಂದು ಮನೆ ಸೇರುತ್ತಾಳೆ. ಪರಿಹಾರ ಸೂಚಿಸಿದವಳು ಅವಳೇ.

"ಕ್ಲೌಡ್ ಗೇಮಿಂಗ್ ಮಾಡ್ಲಿ ಅಪ್ಪಾ. ಆಟ ಎಲ್ಲೋ ಡೇಟಾ ಸೆಂಟರಿನಲ್ಲಿ ಓಡ್ತದೆ, ಇಲ್ಲಿ ಬರೀ ಚಿತ್ರ ಬರ್ತದೆ. ಬಿಸಿ ಅವರದ್ದು, ಕರೆಂಟು ಅವರದ್ದು."

ರಾಯರ ಕೈ ಆಗಲೇ ರಿಮೋಟಿನತ್ತ ಹೋಗಿತ್ತು. "ಹಾಗಾದ್ರೆ ಎಸಿ ಬೇಡ ಅನ್ನು!"

ಮೂರು ವಾರದಿಂದ ಆ ತಂಪಿನಲ್ಲಿ ಕುಳಿತು ಹುರುಳಿಕಾಯಿ ಸೋಸುತ್ತಿದ್ದ ಅಮ್ಮ ತಲೆ ಎತ್ತಲಿಲ್ಲ. "ಕ್ಲೌಡೂ ಬೇಡ, ಎಂತದೂ ಬೇಡ. ಮಳೆಗಾಲದವರೆಗೆ ಮನೆಯಲ್ಲೇ ಆಡ್ಲಿ ಅವ. ಆ ಕೆಂಪು ದೀಪ ಹಾಕು ಮಗಾ, ಮೊನ್ನೆಯಿಂದ ನೀಲಿಯೇ ಉಂಟು."