ಮರಳಿಗೆ ಮಾರ್ಕ್ಸು ಹಾಕುವ ಭಾವ

ನಮ್ಮ ಭಾವನವರು ಪ್ರವಾಸಕ್ಕೆ ಹೋಗುವವರಲ್ಲ, ಪ್ರವಾಸಕ್ಕೆ ಟೆಂಡರ್ ಕರೆಯುವವರು. ಕೇಂದ್ರ ಸರ್ಕಾರದ ಒಂದು ಕಚೇರಿಯಲ್ಲಿ ಲೆಕ್ಕಪತ್ರ ನೋಡುವ ಅವರಿಗೆ ಮೂರು ಕೊಟೇಷನ್ ಇಲ್ಲದೆ ಮನೆಗೆ ಪೊರಕೆ ತಂದೂ ಅಭ್ಯಾಸವಿಲ್ಲ. ಅಂಥವರ ಕಣ್ಣಿಗೆ ಒಂದು ರಾತ್ರಿ ಮೊಬೈಲಿನಲ್ಲಿ ಬಿಳಿ ಮರಳು, ನೀಲಿ ನೀರು, ಒಂದು ಬಾಗಿದ ತೆಂಗಿನಮರ ಬಿತ್ತು. ಬೇರೆಯವರಾಗಿದ್ದರೆ ‘ಎಷ್ಟು ಚೆನ್ನಾಗಿದೆ’ ಅಂದು ಬೆರಳು ಸರಿಸುತ್ತಿದ್ದರು. ಭಾವನವರು ಎದ್ದು ಲ್ಯಾಪ್‌ಟಾಪ್ ತೆಗೆದರು.

ಇಂಥವರು ನಿಮ್ಮ ಬಳಗದಲ್ಲೂ ಒಬ್ಬರು ಇದ್ದೇ ಇರುತ್ತಾರೆ. ಭಾವ ಅಲ್ಲದಿದ್ದರೆ ಚಿಕ್ಕಪ್ಪ, ಚಿಕ್ಕಪ್ಪ ಅಲ್ಲದಿದ್ದರೆ ಆಫೀಸಿನಲ್ಲಿ ಪಕ್ಕದ ಸೀಟಿನವರು. ಗುರುತು ಹಿಡಿಯುವುದು ಸುಲಭ. ‘ಎಲ್ಲಿಗೆ ಹೋಗೋಣ?’ ಎಂದು ನೀವು ಕೇಳಿದರೆ ಊರಿನ ಹೆಸರು ಹೇಳುವುದಿಲ್ಲ. ‘ಎಕ್ಸೆಲ್ ಶೀಟು ಕಳಿಸ್ತೀನಿ, ನೋಡಿ’ ಅನ್ನುತ್ತಾರೆ. ಭಾವನವರ ಶೀಟಿನಲ್ಲಿ ಇದ್ದ ಕಾಲಂಗಳು: ಮರಳಿನ ಬಿಳುಪು, ಮರಳಿನ ನುಣುಪು, ನೀರಿನ ಬಣ್ಣ, ಅಲೆಯ ಎತ್ತರ, ನೆರಳು, ಶೌಚಾಲಯ, ಎಳನೀರಿನ ದರ. ಪ್ರತಿಯೊಂದಕ್ಕೂ ಹತ್ತಕ್ಕೆ ಮಾರ್ಕ್ಸು. ಕೊನೆಯ ಕಾಲಂ ‘ಷರಾ’.

ಮೊದಲ ಸುತ್ತಿನಲ್ಲಿ ಅವರು ಇಡೀ ಭೂಮಂಡಲವನ್ನೇ ಕರೆದು ಸಾಲಾಗಿ ನಿಲ್ಲಿಸಿಕೊಂಡರು. ಆಸ್ಟ್ರೇಲಿಯಾದ ವೈಟ್‌ಹೆವೆನ್ ಬೀಚಿಗೆ ಬಿಳುಪಿನಲ್ಲಿ ಪೂರ್ತಿ ಅಂಕ. ಅಲ್ಲಿಯ ಮರಳು ಶೇಕಡ 98ರಷ್ಟು ಶುದ್ಧ ಸಿಲಿಕಾ ಅಂತೆ. ಎಳನೀರಿನ ಕಾಲಮ್ಮಿನಲ್ಲಿ ಮಾತ್ರ ಸೊನ್ನೆ. ಸೇಶೆಲ್ಸ್‌ನ ಲಾ ಡಿಗ್ ದ್ವೀಪದ ಬೀಚಿನಲ್ಲಿ ದೊಡ್ಡ ದೊಡ್ಡ ಗ್ರಾನೈಟ್ ಬಂಡೆಗಳಿವೆ, ಜಗತ್ತೆಲ್ಲ ಅದನ್ನು ನೋಡಲೆಂದೇ ಹೋಗುತ್ತದೆ. ಭಾವನವರ ಷರಾ: ‘ಬಂಡೆ ನೋಡಲು ರಾಮನಗರ ಸಾಕು.’ ಫಿಲಿಪ್ಪೀನ್ಸ್‌ನ ಬೊರಾಕಾಯ್ ದ್ವೀಪವನ್ನು ಕೊಳಚೆ ನೀರು ಸಮುದ್ರಕ್ಕೆ ಸೇರುತ್ತದೆಂದು 2018ರಲ್ಲಿ ಆರು ತಿಂಗಳು ಸರ್ಕಾರವೇ ಮುಚ್ಚಿಸಿತ್ತು. ‘ಹಿಂದಿನ ನಡತೆ ಸರಿ ಇಲ್ಲ’ ಎಂದು ಅನರ್ಹ. ಥಾಯ್ಲೆಂಡಿನ ಮಾಯಾ ಬೇ ಕೂಡ ಅದೇ ವರ್ಷ ಮುಚ್ಚಿ 2022ರಲ್ಲಿ ತೆರೆಯಿತು; ಅದಕ್ಕೂ ಅದೇ ಷರಾ. ಮಾಲ್ಡೀವ್ಸ್ ಬಹಳ ಕಾಲ ಮುಂದಿತ್ತು. 2024ರ ಜನವರಿಯಲ್ಲಿ ಲಕ್ಷದ್ವೀಪದ ವಿಷಯವಾಗಿ ಅಲ್ಲಿಯ ಕೆಲವು ಉಪಸಚಿವರು ನಾಲಿಗೆ ಹರಿಬಿಟ್ಟು ಗಲಾಟೆ ಎದ್ದಾಗ ಭಾವನವರು ದೇಶಭಕ್ತಿಯಿಂದ ತಮ್ಮ ಮಾಲ್ಡೀವ್ಸ್ ಪ್ರವಾಸವನ್ನು ರದ್ದುಮಾಡಿದರು, ಫ್ಯಾಮಿಲಿ ಗ್ರೂಪಿನಲ್ಲಿ ಅದನ್ನು ಘೋಷಿಸಿದರು, ಚಪ್ಪಾಳೆಯ ಚಿಹ್ನೆಗಳನ್ನೂ ಸ್ವೀಕರಿಸಿದರು. ಟಿಕೆಟ್ಟು ಮಾಡಿಸಿಯೇ ಇರಲಿಲ್ಲ ಎನ್ನುವುದು ಅಕ್ಕನಿಗೆ ಮತ್ತು ನನಗೆ ಮಾತ್ರ ಗೊತ್ತು. ಅವರ ಪಾಸ್‌ಪೋರ್ಟು ಇಂದಿಗೂ ಮದುವಣಗಿತ್ತಿಯಂತೆ ಹೊಚ್ಚಹೊಸದಾಗಿ ಬೀರುವಿನಲ್ಲಿದೆ.

ಕೊನೆಗೆ ಗೆದ್ದದ್ದು ಅಂಡಮಾನ್. ಗೆಲ್ಲಿಸಿದ್ದು ಅಲ್ಲಿಯ ಮರಳಲ್ಲ, ಸರ್ಕಾರಿ ನೌಕರರಿಗೆ ಪ್ರವಾಸದ ಖರ್ಚು ಕೊಡುವ ಎಲ್‌ಟಿಸಿ. ಸ್ವಂತ ಊರಿಗೆ ಹೋಗುವ ಎಲ್‌ಟಿಸಿಗೆ ಬದಲಾಗಿ ಅಂಡಮಾನಿಗೆ ವಿಮಾನದಲ್ಲಿ ಹೋಗಿಬರಬಹುದೆಂಬ ಸಡಿಲಿಕೆಯನ್ನು ಸರ್ಕಾರ ಕೊಡುತ್ತಲೇ ಬಂದಿದೆ. ಆ ಆದೇಶದ ಪ್ರತಿಯನ್ನು ಭಾವನವರು ಲ್ಯಾಮಿನೇಟ್ ಮಾಡಿಸಿ ಇಟ್ಟುಕೊಂಡಿದ್ದಾರೆ. ‘ಅತ್ತೆಯವರು ಈ ನಿಯಮದ ವ್ಯಾಪ್ತಿಗೆ ಬರೋದಿಲ್ಲ’ ಎಂದು ಅಮ್ಮನ ಎದುರಿಗೇ ಓದಿಯೂ ಹೇಳಿದರು. ಅಮ್ಮ, ‘ಅಳಿಯಂದ್ರು ಇಷ್ಟು ಓದಿಕೊಂಡಿದ್ದಾರೆ, ನನ್ನ ಟಿಕೆಟ್ಟು ಕೈಯಿಂದ ಹಾಕಿ ಮಾಡಿಸದೆ ಇರ್ತಾರಾ?’ ಎಂದು ಕೋಡುಬಳೆ ಕರಿಯಲು ಒಳಗೆ ಹೋದರು. ಟಿಕೆಟ್ಟು ಆಯಿತು. ನಮ್ಮದೂ ಆಯಿತು, ನಮ್ಮ ದುಡ್ಡಿನಲ್ಲಿ.

ಎರಡನೆಯ ಸುತ್ತು ಅಂಡಮಾನಿನ ಒಳಗಿನ ಬೀಚುಗಳದು. ಹ್ಯಾವ್‌ಲಾಕ್ ದ್ವೀಪಕ್ಕೆ 2018ರಿಂದ ಸ್ವರಾಜ್ ದ್ವೀಪ ಎಂದು ಹೆಸರು; ದೋಣಿಯವರು ಇನ್ನೂ ಹ್ಯಾವ್‌ಲಾಕ್ ಎಂದೇ ಕೂಗುತ್ತಾರೆ. ಅಲ್ಲಿ ಬೀಚುಗಳಿಗೆ ನಂಬರುಗಳಿವೆ. 3ನೇ ನಂಬರು ಗೋವಿಂದನಗರ, 5ನೇ ನಂಬರು ವಿಜಯನಗರ, 7ನೇ ನಂಬರು ರಾಧಾನಗರ. ದೇಶ ಒಡೆದ ಮೇಲೆ ಪೂರ್ವ ಬಂಗಾಳದಿಂದ ಬಂದು ನೆಲೆಸಿದ ಕುಟುಂಬಗಳ ಹಳ್ಳಿಗಳು ಇವು. ಭಾವನವರ ಮನೆ ಇರುವುದು ಬೆಂಗಳೂರಿನ ವಿಜಯನಗರದಲ್ಲಿ. ‘ವಿಜಯನಗರದಿಂದ ಹೊರಟು, ಸಮುದ್ರ ದಾಟಿ, ವಿಜಯನಗರ 5ನೇ ನಂಬರಿಗೆ ಹೋಗೋದಾ? ಅದಕ್ಕೆ ಆಟೋ ಸಾಕಲ್ವಾ?’ ಎಂದು ಅಕ್ಕ ಕೇಳಿದಳು. ಆ ಬೀಚಿನ ಮಾರ್ಕ್ಸು ಅಲ್ಲಿಗೇ ಇಳಿಯಿತು.

ರಾಧಾನಗರದ ಅರ್ಹತೆ ಪ್ರಶ್ನಾತೀತ. 2004ರಲ್ಲಿ ‘ಟೈಮ್’ ಪತ್ರಿಕೆ ಅದನ್ನು ಏಷ್ಯಾದ ಅತ್ಯುತ್ತಮ ಬೀಚು ಎಂದು ಕರೆದಿತ್ತು. 2020ರಲ್ಲಿ ಶುಚಿಯಾದ ಬೀಚುಗಳಿಗೆ ಕೊಡುವ ಬ್ಲೂ ಫ್ಲ್ಯಾಗ್ ಮಾನ್ಯತೆಯೂ ಸಿಕ್ಕಿತು. ನಾನು ಸುಮ್ಮನಿರದೆ, ಅದೇ ವರ್ಷದ ಅದೇ ಪಟ್ಟಿಯಲ್ಲಿ ನಮ್ಮ ಹೊನ್ನಾವರದ ಕಾಸರಕೋಡು ಮತ್ತು ಪಡುಬಿದ್ರಿ ಕೂಡ ಇದ್ದವಲ್ಲ, ರಾತ್ರಿ ಬಸ್ಸು ಹತ್ತಿದರೆ ಬೆಳಿಗ್ಗೆ ಸಮುದ್ರ ಎಂದೆ. ಭಾವನವರು ನನ್ನನ್ನು ಬಿಲ್ಲಿಗೆ ರಸೀದಿ ಲಗತ್ತಿಸದ ಗುಮಾಸ್ತನನ್ನು ನೋಡುವಂತೆ ನೋಡಿದರು. ‘ಅದು ಕಂದು ಮರಳು ರೀ. ಶರಾವತಿ, ನೇತ್ರಾವತಿ ಎಲ್ಲ ಘಟ್ಟದ ಕಲ್ಲು ಕೊರೆದು ತಂದು ಸುರಿದದ್ದು. ಅಂಡಮಾನಿನಂಥ ಬಿಳಿ ಮರಳು ಬೇಕಾದರೆ ದೊಡ್ಡ ನದಿ ಇಲ್ಲದ ಪುಟ್ಟ ದ್ವೀಪ ಇರಬೇಕು, ಸುತ್ತ ಹವಳದ ದಿಬ್ಬ ಇರಬೇಕು.’ ವಿಷಯ ಸರಿಯಾಗಿಯೇ ಇತ್ತು, ಅದೇ ಕಷ್ಟ. ಇಂಥವರು ತಪ್ಪು ಹೇಳುವವರಾಗಿದ್ದರೆ ಬದುಕು ಎಷ್ಟೋ ಹಗುರವಾಗಿರುತ್ತಿತ್ತು.

ಆ ಶೀಟಿನಲ್ಲಿ ರಾಜನ್ ಎಂಬ ಆನೆಯೂ ಇತ್ತು. ಹಿಂದೆ ಮರ ಸಾಗಿಸಲು ಅಂಡಮಾನಿಗೆ ತಂದಿದ್ದ ಆನೆಗಳಲ್ಲಿ ಒಂದು. ಸಮುದ್ರದಲ್ಲಿ ಈಜುತ್ತಿತ್ತು, ರಾಧಾನಗರದಲ್ಲಿ ಅದರ ಚಿತ್ರ ತೆಗೆಯಲು ಹೊರದೇಶಗಳಿಂದ ಜನ ಬರುತ್ತಿದ್ದರು. 2016ರಲ್ಲಿ ತೀರಿಕೊಂಡಿತು. ಷರಾ: ‘ಆನೆ ಇಲ್ಲ. ಅರ್ಧ ಅಂಕ ಕಡಿತ.’

ಇನ್ನು ಬಿಳುಪನ್ನು ಅಳೆಯುವುದು ಹೇಗೆ? ಕಣ್ಣಂದಾಜು ಆಡಿಟ್ಟಿಗೆ ಒಪ್ಪಿಗೆಯಾಗುವುದಿಲ್ಲ. ಅದಕ್ಕೇ ಅಕ್ಕನ ಒಂದು ಸ್ಟೀಲಿನ ಕುಂಕುಮದ ಭರಣಿಯನ್ನು ತೊಳೆದು, ಗಾಂಧಿಬಜಾರಿನ ರಂಗೋಲಿ ಪುಡಿ ತುಂಬಿಕೊಂಡರು. ಅದು ಹತ್ತಕ್ಕೆ ಹತ್ತು. ಉಳಿದ ಬೀಚುಗಳೆಲ್ಲ ಅದರ ಕೆಳಗೆ. ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಭದ್ರತಾ ಸಿಬ್ಬಂದಿ ಆ ಭರಣಿ ತೆರೆದು, ಒಳಗಿನ ಬಿಳಿ ಪುಡಿಯನ್ನೂ ಭಾವನವರ ಮುಖವನ್ನೂ ಸರದಿಯಂತೆ ನೋಡಿದರು. ‘ರಂಗೋಲಿ’ ಎಂದರು ಭಾವ. ‘ವಿಮಾನದಲ್ಲಿ ಯಾಕೆ?’ ‘ಹೋಲಿಸಿ ನೋಡೋದಕ್ಕೆ.’ ಯಾವುದರ ಜೊತೆ ಎಂದು ಅವರು ಕೇಳುವಷ್ಟರಲ್ಲಿ ಅಕ್ಕ ಬೇರೆ ಸಾಲಿಗೆ ಹೋಗಿ, ಯಾರೋ ಅಪರಿಚಿತರ ಮಗುವನ್ನು ಮುದ್ದಾಡುತ್ತ ನಿಂತಿದ್ದಳು.

ಹ್ಯಾವ್‌ಲಾಕಿನ ಹಡಗಿನಲ್ಲಿ ನಮಗೆಲ್ಲ ಹೊಟ್ಟೆ ತೊಳಸಿದ್ದರ ವರ್ಣನೆ ಬೇಡ. ಅಲೆಯ ಎತ್ತರದ ಕಾಲಂ ಬೀಚಿಗೆ ಮಾತ್ರ ಇತ್ತು, ದಾರಿಗೆ ಇರಲಿಲ್ಲ ಎಂದಷ್ಟೇ ಹೇಳಬಹುದು.

ಮೊದಲ ಬೆಳಿಗ್ಗೆ ಕಾಲಾಪತ್ಥರ್. ಪೂರ್ವದ ಕಡೆಯ ಬೀಚು, ಸೂರ್ಯೋದಯಕ್ಕೆ ಪ್ರಶಸ್ತ. ಅಂಡಮಾನ್ ನಮಗಿಂತ ಅಷ್ಟು ಪೂರ್ವದಲ್ಲಿದ್ದರೂ ಗಡಿಯಾರ ಮಾತ್ರ ನಮ್ಮದೇ; ಡಿಸೆಂಬರಿನಲ್ಲೂ ಐದೂವರೆಗೆಲ್ಲ ಬೆಳಕು ಹರಿದು, ಸಂಜೆ ಐದಕ್ಕೆಲ್ಲ ಕತ್ತಲಾಗತೊಡಗುತ್ತದೆ. ಹೀಗಾಗಿ ನಾಲ್ಕು ಗಂಟೆಗೆ ಭಾವನವರು ಎಲ್ಲರ ಬಾಗಿಲು ಬಡಿದರು. ಹೋಗಿ ನೋಡಿದರೆ ಸಮುದ್ರ ಇಳಿದು, ಕಪ್ಪು ಬಂಡೆಗಳೆಲ್ಲ ಮೈ ಬಿಟ್ಟುಕೊಂಡು ಕೂತಿದ್ದವು. ಮೊಣಕಾಲುದ್ದ ನೀರಿಗಾಗಿ ಚೂಪು ಹವಳದ ಮೇಲೆ ದೂರ ನಡೆಯಬೇಕು. ಭಾವನವರು ಮೊಣಕಾಲೂರಿ, ಒಂದು ಅಂಗೈಯಲ್ಲಿ ಮರಳು, ಇನ್ನೊಂದರಲ್ಲಿ ರಂಗೋಲಿ ಹಿಡಿದು ನೋಡಿದರು. ‘ಒದ್ದೆ ಮರಳು ಕಪ್ಪಾಗಿ ಕಾಣುತ್ತೆ. ಒಣಗಿದ ಮೇಲೆ ಮತ್ತೆ ನೋಡ್ಬೇಕು’ ಎಂದರು. ಮರಳು ಒಣಗುವುದನ್ನು ಕಾಯುತ್ತ ಕೂತ ಕುಟುಂಬ ಆ ದಿನ ಇಡೀ ದ್ವೀಪದಲ್ಲಿ ನಮ್ಮದೊಂದೇ. ಜೊತೆಗೆ ಮರಳುನೊಣ ಎಂಬ ಕಣ್ಣಿಗೆ ಕಾಣದ ಪ್ರಾಣಿ ಕಾಲನ್ನೆಲ್ಲ ಕಚ್ಚಿಹೋಯಿತು. ಅದಕ್ಕೆ ಶೀಟಿನಲ್ಲಿ ಜಾಗವೇ ಇರಲಿಲ್ಲ.

ಮಧ್ಯಾಹ್ನ ರಾಧಾನಗರ. ಹಿಂದೆ ಎತ್ತರದ ಮರಗಳ ಕಾಡು, ಮುಂದೆ ಸುಮಾರು ಎರಡು ಕಿಲೋಮೀಟರಿನ ಮರಳು. ಬಿಸಿಲಿದ್ದರೂ ಕಾಲು ಸುಡದು. ನಾವೆಲ್ಲ ಬಾಯಿ ತೆರೆದು ನಿಂತಿದ್ದಾಗ ಭಾವನವರು ಭರಣಿ ತೆರೆದು, ‘ಆಫ್‌ವೈಟ್’ ಎಂದು ತೀರ್ಪು ಕೊಟ್ಟರು. ಪಂಚೆ ಅಂಗಡಿಯಲ್ಲಿ ಅವರು ಇದೇ ದನಿಯಲ್ಲಿ ಇದೇ ಮಾತು ಹೇಳಿ ಎದ್ದು ಬರುವುದನ್ನು ನಾನು ನೋಡಿದ್ದೇನೆ.

ಅಮ್ಮನಿಗೆ ಶೀಟು ಗೀಟು ಗೊತ್ತಿಲ್ಲ. ನೆರಳು ಎಲ್ಲಿದೆ, ಎಳನೀರಿನವಳು ಎಲ್ಲಿದ್ದಾಳೆ ಎಂದು ನೋಡಿ, ಎರಡರ ನಡುವೆ ಟವೆಲ್ಲು ಹಾಸದೆ ಮರಳಿನ ಮೇಲೆಯೇ ಕಾಲು ಚಾಚಿ ಕೂತು ಕೋಡುಬಳೆ ಡಬ್ಬ ಬಿಚ್ಚಿದರು. ‘ಎಷ್ಟು ನುಣ್ಣಗಿದೆ ಅಳಿಯಂದ್ರೇ, ಜರಡಿ ಹಿಡಿದ ಹಾಗಿದೆ!’ ಇಲ್ಲಿ ಸುಮ್ಮನಿದ್ದಿದ್ದರೆ ಭಾವನವರು ಭಾವನವರಾಗುತ್ತಿರಲಿಲ್ಲ.

‘ಅತ್ತೆ, ಅದು ಹಾಗೆ ನುಣ್ಣಗಾಗೋದು ಹೇಗೆ ಗೊತ್ತಾ? ಗಿಳಿಮೀನು ಅಂತ ಇದೆ. ಗಿಳಿಯ ಕೊಕ್ಕಿನಂಥ ಹಲ್ಲು. ಹವಳದ ಮೇಲಿನ ಪಾಚಿ ತಿನ್ನುವಾಗ ಹವಳವನ್ನೂ ಕಚ್ಚಿ, ಅರೆದು ನುಂಗುತ್ತೆ. ಸುಣ್ಣದ ಅಂಶ ಅರಗೋದಿಲ್ಲ. ದೊಡ್ಡ ಮೀನಾದರೆ ವರ್ಷಕ್ಕೆ ನೂರು ಕಿಲೋ ಮೇಲೆ ಮರಳನ್ನು ಹಿಂದಿನಿಂದ...’

ಅಕ್ಕ ‘ರೀ’ ಎಂದಳು. ತಡವಾಗಿತ್ತು.

ಅಮ್ಮ ಬಾಯಲ್ಲಿದ್ದ ಕೋಡುಬಳೆಯನ್ನು ಅಗಿಯುವುದು ನಿಲ್ಲಿಸಿ, ಅಂಗೈ ನೋಡಿಕೊಂಡು, ಅಂಗೈಗೆ ಅಂಟಿದ್ದನ್ನು ನೋಡಿ, ಆಮೇಲೆ ಅಳಿಯನನ್ನು ನೋಡಿದರು. ‘ಹಾಗಾದ್ರೆ ಇದೆಲ್ಲಾ...’

‘ಎಲ್ಲಾ ಅಲ್ಲ ಅತ್ತೆ! ಚಿಪ್ಪಿನ ಪುಡಿಯೂ ಇರುತ್ತೆ, ಅಲೆ ಒಡೆದ ಹವಳವೂ ಇರುತ್ತೆ. ಶೇಕಡಾವಾರು ಬೀಚಿಂದ ಬೀಚಿಗೆ ಬೇರೆ...’

ಮಡಿಯುಟ್ಟು ಅರವತ್ತು ವರ್ಷ ಅಡುಗೆ ಮಾಡಿದ ಹೆಂಗಸು ಏಷ್ಯಾದ ಅತ್ಯುತ್ತಮ ಬೀಚಿನಿಂದ ಎದ್ದ ರಭಸವನ್ನು ನೀವು ನೋಡಬೇಕಿತ್ತು. ಸೀರೆ ಎತ್ತಿ ಕಟ್ಟಿ ನೇರವಾಗಿ ಸಮುದ್ರಕ್ಕಿಳಿದರು. ‘ಸಮುದ್ರಸ್ನಾನಕ್ಕೆ ಯಾವ ಮೈಲಿಗೆಯೂ ನಿಲ್ಲೋದಿಲ್ಲ, ಬನ್ನಿ ಎಲ್ರೂ’ ಎಂದು ಕೂಗಿದರು. ಒಬ್ಬೊಬ್ಬರಾಗಿ ನಾವೂ ಇಳಿದೆವು. ನೀರು ಬೆಚ್ಚಗಿತ್ತು, ತಳದ ಮರಳು ಮೆತ್ತಗಿತ್ತು, ಅಮ್ಮ ಮೂರು ಮುಳುಗು ಹಾಕಿ ನಾಲ್ಕನೆಯದಕ್ಕೆ ನಗಲು ಶುರುಮಾಡಿದರು. ಅಕ್ಕ ಅಷ್ಟು ಜೋರಾಗಿ ನಕ್ಕದ್ದನ್ನು ಮದುವೆಯಾದ ಮೇಲೆ ನಾನು ಕೇಳಿರಲಿಲ್ಲ.

ಭಾವನವರು ಬರಲಿಲ್ಲ. ಬೀಚಿನ ಇನ್ನೊಂದು ತುದಿಯಲ್ಲಿ ನೀಲ್ಸ್ ಕೋವ್ ಎಂಬ ಕೊಲ್ಲಿ ಇದೆ. ಅಲ್ಲಿಯ ಮರಳು ಇನ್ನೂ ಬಿಳಿ ಇರಬಹುದೆಂಬ ಅನುಮಾನ ಬಂದು, ಭರಣಿ ಹಿಡಿದು ಆ ಕಡೆ ನಡೆದಿದ್ದರು. ಸಂಜೆ ಸೂರ್ಯ ಕೆಂಪಾಗಿ, ದೊಡ್ಡದಾಗಿ, ಯಾವ ಮೋಡದ ಅಡ್ಡಿಯೂ ಇಲ್ಲದೆ ನೀರಿಗಿಳಿದ. ಬೀಚಿನಲ್ಲಿದ್ದವರೆಲ್ಲ ಪಶ್ಚಿಮಕ್ಕೆ ಮುಖ ಮಾಡಿದ್ದರು, ಒಬ್ಬರನ್ನು ಬಿಟ್ಟು. ಅವರು ಸಮುದ್ರಕ್ಕೆ ಬೆನ್ನು ಹಾಕಿ, ಬಗ್ಗಿ, ಮರಳಿನ ಮೇಲೆ ಬೆರಳಾಡಿಸುತ್ತಿದ್ದರು. ‘ಸೂರ್ಯಾಸ್ತ ಹೇಗಿತ್ತು?’ ಎಂದು ಆಮೇಲೆ ನನ್ನನ್ನೇ ಕೇಳಿದರು, ಹತ್ತಕ್ಕೆ ಎಷ್ಟು ಎಂಬ ಧಾಟಿಯಲ್ಲಿ. ನಾನು ಎಂಟು ಎಂದೆ. ಬರೆದುಕೊಂಡರು.

ಮರುದಿನ ನೀಲ್ ದ್ವೀಪ, ಈಗಿನ ಶಹೀದ್ ದ್ವೀಪ. ಇಲ್ಲಿ ಒಂದು ವಿಷಯದಲ್ಲಿ ಭಾವನವರಿಗೆ ಸಲ್ಲಬೇಕಾದ್ದು ಸಲ್ಲಲಿ. ಲಕ್ಷ್ಮಣಪುರ 2ರಲ್ಲಿ ಸಮುದ್ರವೇ ಕೊರೆದ ಕಲ್ಲಿನ ಸೇತುವೆ ಇದೆ. ಹತ್ತಿರ ಹೋಗಿ ನೋಡಲು ನೀರು ಇಳಿದಿರಬೇಕು. ಉಬ್ಬರವಿಳಿತದ ವೇಳಾಪಟ್ಟಿ ಮುದ್ರಿಸಿ ತಂದದ್ದು ಅವರೊಬ್ಬರೇ. ಕಾಲಾಪತ್ಥರಿನ ಪೆಟ್ಟು ತಿಂದ ಮೇಲೆ ಆ ಹಾಳೆಯನ್ನು ಜೇಬಿನಿಂದ ಹೊರಗೆ ತೆಗೆದಿದ್ದರು. ನಾವು ಆರಾಮವಾಗಿ ನೋಡಿ, ಬಂಡೆಯ ನಡುವಿನ ಪುಟ್ಟ ಹೊಂಡಗಳಲ್ಲಿ ಸಮುದ್ರ ಸೌತೆಯನ್ನೂ ನೋಡಿ ಬರುವಾಗ, ಏದುಸಿರು ಬಿಡುತ್ತ ಎದುರಿಗೆ ಬಂದ ಮೈಸೂರಿನ ಒಂದು ಗುಂಪಿಗೆ ಆಗಲೇ ನೀರು ಏರಿತ್ತು.

ವಾಪಸು ಬರುವಾಗ ಭರಣಿ ಮತ್ತೆ ಸಿಕ್ಕಿಬಿತ್ತು. ಅಂಡಮಾನಿನಿಂದ ಹವಳ, ಚಿಪ್ಪು ತರುವಂತಿಲ್ಲ. ಹವಳಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ. ಸಿಬ್ಬಂದಿ ಪುಡಿಯನ್ನು ಬೆರಳಲ್ಲಿ ಉಜ್ಜಿ, ‘ಹವಳ ಪುಡಿ ಮಾಡಿ ಒಯ್ಯುತ್ತಿದ್ದೀರಾ?’ ಎಂದು ಕೇಳಿದರು. ಗಾಂಧಿಬಜಾರು ಎಂದರೆ ಏನೆಂದು ಹಿಂದಿಯಲ್ಲಿ ವಿವರಿಸಲು ಭಾವನವರು ಪಟ್ಟ ಪಾಡನ್ನು ಹೇಳಬಾರದು. ಅಮ್ಮ ಮುಂದೆ ಬಂದು ಒಂದು ಚಿಟಿಕೆ ತೆಗೆದುಕೊಂಡು, ಆ ಅಧಿಕಾರಿಯ ಮೇಜಿನ ಮೇಲೆಯೇ ನಾಲ್ಕು ಚುಕ್ಕಿಯಿಟ್ಟು ಎಳೆ ಎಳೆದು ತೋರಿಸಿದರು. ಆತ ನಕ್ಕು ಬಿಟ್ಟುಕೊಟ್ಟರು. ಭರಣಿಯನ್ನು ಅಕ್ಕ ಅಲ್ಲಿಯೇ ಕಸದ ಬುಟ್ಟಿಗೆ ಹಾಕಿದಳು.

ಭಾವನವರು ಈಗ ಲಕ್ಷದ್ವೀಪದಲ್ಲಿದ್ದಾರೆ, ಎಂದರೆ ಶೀಟಿನಲ್ಲಿ. ಪ್ರವೇಶಕ್ಕೆ ಪರ್ಮಿಟ್ಟು ಬೇಕು, ಅಗತ್ತಿಯೋ ಕಡಮತ್ತೋ ಬಂಗಾರಮ್ಮೋ ಎಂಬುದು ತೀರ್ಮಾನವಾಗಬೇಕು. ಅಂಡಮಾನಿನ ಶೀಟು ನನ್ನ ಹತ್ತಿರ ಭದ್ರವಾಗಿದೆ. ಹೋಗುವ ಮನಸ್ಸಿರುವವರು ಸಂಕೋಚವಿಲ್ಲದೆ ಕೇಳಿ, ಕಳಿಸುತ್ತೇನೆ. ಬಿಳುಪಿನ ಕಾಲಂ ಬಿಟ್ಟು ಉಬ್ಬರವಿಳಿತದ ವೇಳಾಪಟ್ಟಿ ನೋಡಿ, ಸಂಜೆ ನಾಲ್ಕಕ್ಕೆಲ್ಲ ರಾಧಾನಗರದಲ್ಲಿರಿ, ಕೋಡುಬಳೆ ಮರೆಯಬೇಡಿ. ಭಾವನವರನ್ನು ಜೊತೆಗೆ ಕರೆದುಕೊಂಡು ಹೋಗುವ ಯೋಚನೆ ಇದ್ದರೆ ಮಾತ್ರ ಮೊದಲು ಅಕ್ಕನ ಹತ್ತಿರ ಒಂದು ಮಾತು ಕೇಳಿ.